ಬೂಟು ಹಾಕಿ ಹೊರಟ ಅಕ್ಷರ

ಮಂಡಿಪೇಟೆಯ ಮೆಣಸಿನಕಾಯಿ ವರ್ತಕರೊಬ್ಬರು ಒಂದು ಬೆಳಿಗ್ಗೆ ದಾವಣಗೆರೆಯ ನನ್ನ ಪ್ರಿಂಟಿಂಗ್ ಅಂಗಡಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ನಿಂತರು. ನನ್ನ ಅಂಗಡಿಗೆ ಚಪ್ಪಲಿ ಬಿಟ್ಟು ಬಂದ ಗಿರಾಕಿಯನ್ನು ಅದುವರೆಗೆ ನಾನು ಕಂಡಿರಲಿಲ್ಲ. ಇವರಂತೂ ಬಿಲ್ ಬುಕ್ ಮಾಡಿಸಲು ಬಂದರೆ ಮೆಟ್ಟಿಲ ಮೇಲಿಂದಲೇ ಚೌಕಾಶಿ ಶುರು ಮಾಡುವವರು.

“ಉಸ್ತಾದ್ ಹೋಗಿಬಿಟ್ರಂತಲ್ರಿ,” ಎಂದರು. “ನಮಗೊಂದ್ ಮಾತು ತಿಳಿಸಬಾರದಾಗಿತ್ತಾ?”

ಉಸ್ತಾದ್ ಎಂದರೆ ಹರಿಹರದಲ್ಲಿ ನನಗೆ ಅಚ್ಚಿನ ಕೆಲಸ ಕಲಿಸಿದವರು. ಅವರ ಅಚ್ಚುಮೊಳೆ ಜೋಡಿಸುವ ಪ್ರೆಸ್ ಮುಚ್ಚಿ ಬಹಳ ಕಾಲವಾಯಿತು, ಆದರೂ ಎರಡೂ ಊರಿನ ಹಳೇ ವ್ಯಾಪಾರಸ್ಥರಿಗೆ ಅವರು ಇವತ್ತಿಗೂ ಉಸ್ತಾದರೇ. ನಾನು ಪಕ್ಕದಲ್ಲಿದ್ದ ಪೇಪರ್ ಬಂಡಲಿನ ಮೇಲೆ ಕುಸಿದು ಕುಳಿತೆ. ಒಂದು ಕ್ಷಣವೂ ಅನುಮಾನ ಬರಲಿಲ್ಲ. ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ಹೋಗಿದ್ದಾರೆ. ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ನನಗೆ ಇದೇ ಮಾತು ಚುಚ್ಚಿದ್ದು.

ಹರಿಹರಕ್ಕೆ ಫೋನ್ ಮಾಡಿದೆ. ಅವರ ಸೊಸೆ ಎತ್ತಿದರು.

“ಅಬ್ಬಾನಾ? ಒಳಗೆ ನಾಷ್ಟಾ ಮಾಡಾಕತ್ತಾರೆ. ಯಾಕ ಭಯ್ಯಾ?”

ಹಿಂದಿನಿಂದ ಉಸ್ತಾದರ ದನಿ ಸ್ಪಷ್ಟವಾಗಿ ಕೇಳಿಸಿತು. ಉಪ್ಪಿಟ್ಟಿಗೆ ಉಪ್ಪು ಹಾಕೋದು ಮರೆತರೆ ಅದನ್ನ ಏನಂತ ಕರೀಬೇಕು ಎಂದು ಜಗಳ ತೆಗೆದಿದ್ದರು. ನಾನು ಸುಮ್ಮನೆ ಮಾಡಿದೆ ಎಂದು ಹೇಳಿ ಇಟ್ಟೆ. ವರ್ತಕರಿಗೆ, “ಅವರು ಗಟ್ಟಿಯಾಗಿ ಅದಾರೆ, ಯಾರ್ರಿ ನಿಮಗೆ ಹೇಳಿದ್ದು?” ಎಂದೆ. ಅವರಿಗೆ ಅವಮಾನವಾಯಿತು.

“ಯಾರ್ ಹೇಳ್ತಾರ್ರಿ? ನೀವೇ ಹೇಳೀರಿ!” ಜೇಬಿನಿಂದ ಒಂದು ಮದುವೆ ಕಾರ್ಡ್ ತೆಗೆದರು. ಉಸ್ತಾದರ ಮೊಮ್ಮಗಳ ಮದುವೆಯದು. ನಾನೇ ಕಂಪ್ಯೂಟರ್ ಮುಂದೆ ಕೂತು, ನಾನೇ ಕಾಗದ ಆರಿಸಿ, ನನ್ನ ಕಡೆಯಿಂದ ಉಡುಗೊರೆ ಎಂದು ಮಾಡಿಕೊಟ್ಟದ್ದು. ಖಾರದ ಪುಡಿ ಹತ್ತಿದ ಅವರ ಉಗುರು ಉಸ್ತಾದರ ಹೆಸರಿನ ಕೆಳಗೆ ಬಂದು ನಿಂತಿತು. ಉಳಿದ ಎಲ್ಲರ ಹೆಸರು ನೆಟ್ಟಗೆ ನಿಂತಿತ್ತು. ಅವರದೊಂದೇ ದಪ್ಪಗೆ, ಬಲಕ್ಕೆ ಓರೆಯಾಗಿತ್ತು.

“ಓರೆ ಅಕ್ಷರ ಅಂದ್ರೆ ತೀರಿಕೊಂಡೋರು ಅಂತ, ನನ್ ಮಗನ ಮದುವೆ ಕಾರ್ಡ್ ಮಾಡೋವಾಗ ನೀವೇ ಅಲ್ವೇನ್ರಿ ಹೇಳಿದ್ದು?”

ಹೌದು, ನಾನೇ ಹೇಳಿದ್ದೆ.

ವ್ಯಾಪಾರದಲ್ಲಿ ನನಗೆ ಆಘಾತಗಳು ಹೊಸವಲ್ಲ. ಮೆಷಿನ್ ಕೆಟ್ಟಿದೆ, ಕಾಗದ ನೆಂದಿದೆ, ಗಂಡಿನ ಹೆಸರಿನ ಜಾಗದಲ್ಲಿ ಮಾವನ ಹೆಸರು ಅಚ್ಚಾಗಿದೆ. ಆದರೆ ನನ್ನ ಕೈಯಾರೆ, ಪ್ರೀತಿಯಿಂದ, ಬದುಕಿರುವ ಗುರುವಿನ ಸಾವನ್ನು ಐನೂರು ಪ್ರತಿ ಅಚ್ಚು ಹಾಕಿ ಎರಡು ಊರಿಗೆ ಹಂಚಲು ಕೊಟ್ಟದ್ದು ಅದೇ ಮೊದಲು.

ಈ ಅಕ್ಷರದ ಕಥೆ ಹೇಳದೆ ಮುಂದೆ ಹೋದರೆ ನಿಮಗೆ ಅರ್ಥವಾಗುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ, ಭಾನುವಳ್ಳಿಯಿಂದ ಬಸ್ಸಿನಲ್ಲಿ ಹರಿಹರಕ್ಕೆ ಬಂದು ನಾನು ಉಸ್ತಾದರ ಪ್ರೆಸ್ ಸೇರಿದಾಗ, ಅಲ್ಲಿ ಕನ್ನಡದ ಮೊಳೆಗಳು ಗೋಡೆ ತುಂಬ ಇದ್ದವು. ಸೀಸದ ಒಂದೊಂದು ಮೊಳೆ ಒಂದೊಂದು ಅಕ್ಷರ. ಇಂಗ್ಲಿಷಿನದು ಸ್ವಲ್ಪವೇ. ಅದರಲ್ಲಿ ಒಂದು ಖಾನೆಗೆ ಮಾತ್ರ ಬಟ್ಟೆ ಹೊದಿಸಿ ಇಟ್ಟಿರುತ್ತಿದ್ದರು. ಬೋಲ್ಡ್ ಇಟಾಲಿಕ್. ದಪ್ಪ ಮೈ, ಮುಂದಕ್ಕೆ ಬಾಗಿದ ನಿಲುವು, ಪ್ರತಿ ಗೆರೆಯ ತುದಿಯಲ್ಲಿ ಪುಟ್ಟ ಪಾದ. ಈ ಪಾದವನ್ನು ಈಗಿನ ಹುಡುಗರು ಸೆರಿಫ್ ಎನ್ನುತ್ತಾರೆ. ಉಸ್ತಾದರು ಬೂಟು ಎನ್ನುತ್ತಿದ್ದರು.

“ಬೂಟಿಲ್ಲದ ಅಕ್ಷರ ಮನ್ಯಾಗೆ ಲುಂಗಿ ಉಟ್ಕೊಂಡು ಕೂತೋನು,” ಎಂದು ನನಗೆ ಮೊದಲ ದಿನವೇ ಹೇಳಿದರು. “ಬೂಟು ಹಾಕಿ ನೆಟ್ಟಗೆ ನಿಂತಿರೋದು ಬ್ಯಾಂಕ್ ಮುಂದಿನ ವಾಚ್‌ಮನ್. ಇದು ನೋಡು ಬೇಟಾ, ಬೂಟು ಹಾಕಿ ಎಲ್ಲಿಗೋ ಹೊಂಟೈತೆ. ಇಂಥೋನು ಬಂದ್ರೆ ಜನ ತಾವಾಗೇ ದಾರಿ ಬಿಡ್ತಾರೆ.”

ಒಂದು ಕಾರ್ಡಿಗೆ ಒಂದೇ ಹೆಸರು, ಅದು ಅವರ ನಿಯಮ. ಆ ಕಾರ್ಡಿನಲ್ಲಿ ಯಾರು ಎಲ್ಲರಿಗಿಂತ ಮುಂದೆ ಕಾಣಬೇಕೋ ಅವರಿಗೆ ಮಾತ್ರ ಆ ಅಕ್ಷರ. ಮದುಮಕ್ಕಳಿದ್ದರೆ ಇಬ್ಬರನ್ನೂ ಸೇರಿಸಿ ಒಂದೇ ಎಂದು ಲೆಕ್ಕ ಹಾಕುತ್ತಿದ್ದರು. ಯಾರಾದರೂ ಇಡೀ ಕಾರ್ಡನ್ನೇ ಅದರಲ್ಲಿ ಮಾಡಿಕೊಡಿ ಎಂದರೆ, “ಎಲ್ರೂ ಹೊಂಟ್ರೆ ಮದುವೆ ಮನ್ಯಾಗೆ ಉಳಿಯೋರು ಯಾರ್ರಿ?” ಎಂದು ನಗುತ್ತಿದ್ದರು. ಮೊಳೆಗಳು ಕಡಿಮೆ ಇದ್ದವು ಎಂಬುದೂ ನಿಜ. ಎರಡು ಸಾಲು ಜೋಡಿಸುವಷ್ಟರಲ್ಲಿ ಖಾನೆ ಖಾಲಿಯಾಗುತ್ತಿತ್ತು.

ಈಗ ಕಂಪ್ಯೂಟರಿನಲ್ಲಿ ಮೊಳೆ ಖಾಲಿಯಾಗುವ ಮಾತಿಲ್ಲ. ಆದರೂ ನನ್ನ ಸಲಹೆ ಕೇಳುವವರಿಗೆ ಹೇಳುತ್ತೇನೆ: ಈ ಅಕ್ಷರವನ್ನು ಉಪ್ಪಿನಕಾಯಿಯಂತೆ ಬಳಸಿ. ಅಂಗಡಿಯ ಹೆಸರಿಗೆ ಹಾಕಿ, ವಿಳಾಸಕ್ಕೆ ಬೇಡ. ಫೋನ್ ನಂಬರಿಗಂತೂ ಬೇಡವೇ ಬೇಡ. ಮೂರು, ಎಂಟು ಒಂದೇ ಥರ ಕಾಣುತ್ತವೆ, ಬರುವ ಗಿರಾಕಿ ಇನ್ಯಾರಿಗೋ ಫೋನ್ ಮಾಡುತ್ತಾನೆ. ಅಗ್ಗದ ಕಾಗದದ ಮೇಲೆ ಸಣ್ಣ ಅಳತೆಯಲ್ಲಿ ಹಾಕಿದರೆ ಇಂಕು ತುಂಬಿಕೊಂಡು ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಕನ್ನಡದ ದುಂಡು ಅಕ್ಷರಗಳನ್ನು ಕಂಪ್ಯೂಟರ್ ಸುಮ್ಮನೆ ಪಕ್ಕಕ್ಕೆ ದೂಡುತ್ತದೆ, ಕೆಳಗಿನ ಒತ್ತಕ್ಷರ ತನ್ನವರನ್ನು ಬಿಟ್ಟು ಪಕ್ಕದವರ ಮನೆ ಸೇರಿದ ಹಾಗೆ ಕಾಣುತ್ತದೆ. ಹಾಗಾಗಿ ಕನ್ನಡದಲ್ಲಿ ಓರೆ ಮಾಡುವುದಾದರೆ ಕಮ್ಮಿ ಮಾಡಿ, ಒತ್ತಕ್ಷರಗಳನ್ನು ಕೈಯಿಂದ ಸರಿಪಡಿಸಿ. ಇದಕ್ಕೆಲ್ಲ ಬೇರೆ ಕಡೆ ಫೀಸು ಕೇಳುತ್ತಾರೆ.

ಇನ್ನು ಈ ಅಕ್ಷರಕ್ಕೆ ಸಾವನ್ನು ಅಂಟಿಸಿದವನು ನಾನು. ದಾವಣಗೆರೆಯಲ್ಲಿ ಸ್ವಂತ ಅಂಗಡಿ ಹಾಕಿದ ಹೊಸದರಲ್ಲಿ ಮಾಯಕೊಂಡದಿಂದ ಒಂದು ಕುಟುಂಬ ಮದುವೆ ಕಾರ್ಡಿಗೆ ಬಂತು. ಹುಡುಗಿಯ ಅಜ್ಜ ತೀರಿಕೊಂಡಿದ್ದರು. ಅವರ ಹೆಸರಿನ ಹಿಂದೆ ‘ಲಿಂಗೈಕ್ಯ’ ಎಂದು ಹಾಕಬೇಕು ಎಂದು ಮಗ. ಅರಿಶಿನ ಹಚ್ಚುವ ಕಾರ್ಡಿನ ಮೇಲೆ ಆ ಶಬ್ದ ಬರಕೂಡದು ಎಂದು ಅಜ್ಜಿ.

“ಹಾಗೇ ಬಿಟ್ರೆ ಅಪ್ಪಾಜಿ ಇನ್ನೂ ಅದಾರೆ ಅಂತ ತಿಳ್ಕೊಂಡು ಜನ ಕೇಳ್ತಾರಲ್ಲವ್ವಾ?”

“ಕೇಳ್ಲಿ ಬಿಡೋ, ಕೇಳಿದ್ರೆ ಖುಷಿನೇ ಐತೆ ನಂಗೆ.”

ಅರ್ಧ ಗಂಟೆ ಜಗ್ಗಾಡಿದರು. ಎದುರಿನ ಪ್ರಿಂಟಿಂಗ್ ಅಂಗಡಿಯವನು ಬಾಗಿಲಿಗೆ ಬಂದು ನಿಂತು ನೋಡತೊಡಗಿದ್ದ. ಗಿರಾಕಿ ಎದ್ದು ಅವನ ಕಡೆ ನಡೆಯುವ ಮುಂಚೆ ನಾನು ಬಾಯಿ ಹಾಕಿದೆ. “ಅವ್ವಾರೆ, ಶಬ್ದ ಬ್ಯಾಡ. ಯಜಮಾನರ ಹೆಸರೊಂದನ್ನೇ ದಪ್ಪಗೆ, ಓರೆಯಾಗಿ ಹಾಕ್ತೀನಿ. ಮರ್ಯಾದೆನೂ ಉಳೀತು, ನೋಡಿದೋರಿಗೂ ಗೊತ್ತಾಗ್ತೈತೆ.” ಗೊತ್ತಾಗುವುದಕ್ಕೆ ಅಂಥ ಪದ್ಧತಿ ಎಲ್ಲಿಯೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಕೂಡಲೇ ಒಂದು ಪ್ರೂಫ್ ತೆಗೆದು ತೋರಿಸಿದೆ. ಅಜ್ಜಿ ಆ ಹೆಸರಿನ ಮೇಲೆ ಬೆರಳಾಡಿಸಿ, “ಎದ್ದು ಬರೋ ಹಂಗೈತಲ್ಲಪ್ಪಾ,” ಎಂದು ಕಣ್ಣೊರೆಸಿಕೊಂಡಿತು. ಆರ್ಡರ್ ನನ್ನದಾಯಿತು.

ಅಲ್ಲಿಂದ ಬಂದವರಿಗೆಲ್ಲ ಅದನ್ನೇ ಹೇಳಿದೆ. ಎದುರಿನವನೂ ಶುರು ಮಾಡಿದ, ಅವನನ್ನು ನೋಡಿ ಹರಿಹರದವರೂ. ಕೆಲವು ವರ್ಷಗಳಲ್ಲಿ ಎಷ್ಟು ಬೇರು ಬಿಟ್ಟಿತೆಂದರೆ, ಒಬ್ಬ ಗಿರಾಕಿ ನನಗೇ, “ಇದು ನಮ್ಮ ಹಿರೇರ ಕಾಲದಿಂದ ಬಂದ ಪದ್ಧತಿ, ನಿಮಗೆ ಗೊತ್ತಿಲ್ವೇನ್ರಿ?” ಎಂದು ಗದರಿದ. ನಾನು ಗೊತ್ತಿಲ್ಲ ಎಂದೆ.

ಹಾಗಿದ್ದ ಮೇಲೆ ಉಸ್ತಾದರ ಹೆಸರಿಗೆ ಅದನ್ನು ಹೇಗೆ ಹಾಕಿದೆ ಎಂದು ನೀವು ಕೇಳಬಹುದು. ಮುಸ್ಲಿಂ ಮನೆಗಳ ಕಾರ್ಡಿನಲ್ಲಿ ತೀರಿಕೊಂಡವರ ಹೆಸರಿನ ಹಿಂದೆ ‘ಮರ್ಹೂಮ್’ ಎಂದು ಸೀದಾ ಬರೆಯುತ್ತಾರೆ, ಯಾರಿಗೂ ಸಂಕೋಚವಿಲ್ಲ. ಓರೆ ಅಕ್ಷರದ ಜಂಜಾಟ ಆ ಕಡೆ ಇರಲೇ ಇಲ್ಲ. ನನ್ನ ತಲೆಯಲ್ಲಿ ಇವು ಎರಡು ಬೇರೆ ಬೇರೆ ಕಪಾಟು. ಮದುಮಗಳ ತಂದೆ, ಅಂದರೆ ಉಸ್ತಾದರ ಒಬ್ಬನೇ ಮಗ, ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವನ ಹೆಸರಿಗೆ ‘ಮರ್ಹೂಮ್’ ಎಂದು ನೆಟ್ಟಗೆ ಹಾಕಿದೆ. ಅದರ ಮೇಲೆ ಉಸ್ತಾದರ ಹೆಸರು. ಅವರ ಹಳೇ ಖಾನೆಯ ಅಕ್ಷರಕ್ಕೆ ತೀರ ಹತ್ತಿರದ ಒಂದು ಇಂಗ್ಲಿಷ್ ಬೋಲ್ಡ್ ಇಟಾಲಿಕ್ ಅನ್ನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ತೆಗೆದಿದ್ದೆ. ಗುರುವಿಗೆ ಅವರದೇ ಅಕ್ಷರ ಎಂದು ಖುಷಿಯಲ್ಲಿ ಒಂದು ಸಲ ಅಲ್ಲ, ಮೂರು ಸಲ ಪ್ರೂಫ್ ತೆಗೆದು ನೋಡಿದೆ. ಹೊಳೆಯಲಿಲ್ಲ. ಆದರೆ ಉಸ್ತಾದರ ಬಳಗದಲ್ಲಿ ಅರ್ಧ ಜನ ಮಂಡಿಪೇಟೆಯ ವರ್ತಕರು. ಅವರು ನಾನು ಕಲಿಸಿದ ಹಾಗೆಯೇ ಓದಿದರು.

ಎರಡನೇ ತಪ್ಪು ಮೊದಲಿನದಕ್ಕಿಂತ ದೊಡ್ಡದು. ಆ ದಿನವೇ ಹರಿಹರಕ್ಕೆ ಓಡುವುದು ಬಿಟ್ಟು, ನಾಲ್ಕಾರು ಜನಕ್ಕೆ ಫೋನಿನಲ್ಲಿ ಹೇಳಿ ಮುಗಿಸಿಬಿಡೋಣ ಎಂದುಕೊಂಡೆ. ತಪ್ಪು ಮಾಡಿದವನು ಮೊದಲು ಮುಖ ತೋರಿಸಬೇಕು, ಫೋನು ಆಮೇಲೆ. ಮೂರನೇ ದಿನ ಮದುಮಗಳೇ ಫೋನ್ ಮಾಡಿದಳು.

“ಚಾಚಾ, ಮನೆಗೆ ಜನ ಅಳ್ಕೊಂತ ಬರಾಕತ್ತಾರೆ. ದಾದಾ ಮದುವೆಗೆ ಬರಂಗಿಲ್ಲ ಅಂತ ಕೂತಾರೆ.”

ತಂದೆಯಿಲ್ಲದ ಹುಡುಗಿಗೆ ಅಜ್ಜನೇ ವಲಿ, ಎಂದರೆ ನಿಕಾಹ್‌ನಲ್ಲಿ ಅವಳ ಪರವಾಗಿ ನಿಲ್ಲುವ ಹಿರಿಯ. ಅವರು ಬಾರದಿದ್ದರೆ ಇನ್ನೊಬ್ಬರನ್ನು ನಿಲ್ಲಿಸಬಹುದು, ಆದರೆ ಅವಳು ಅದಕ್ಕೆ ಒಪ್ಪುವವಳಲ್ಲ. ಮದುವೆಗೆ ಒಂಬತ್ತು ದಿನ ಉಳಿದಿತ್ತು.

ಹರಿಹರಕ್ಕೆ ಹೋದಾಗ ಉಸ್ತಾದರ ಬಾಗಿಲ ಮುಂದಿನ ಕಟ್ಟೆಯ ಮೇಲೆ ನನ್ನದೇ ಊರಿನ ಒಬ್ಬ ಮುದುಕ ನೀರು ಕುಡಿಯುತ್ತ ಕುಳಿತಿದ್ದ. ಭಾನುವಳ್ಳಿಯಿಂದ ಬಸ್ಸು ಹತ್ತಿ ದುಃಖ ಹೇಳಲು ಬಂದು ಬಾಗಿಲು ತಟ್ಟಿದರೆ, ತೆಗೆದವರು ಸ್ವತಃ ಉಸ್ತಾದರು. ಮುದುಕ ಅಲ್ಲೇ ಕುಳಿತುಬಿಟ್ಟಿದ್ದಾನೆ.

ಒಳಗೆ ಉಸ್ತಾದರು ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಕಾರ್ಡು, ಅದರ ಮೇಲೆ ಭೂತಗನ್ನಡಿ.

“ಬಾ ಬೇಟಾ. ಕಫನ್ ಬಟ್ಟೆ ಅಳತೆ ತಗೊಳ್ಳಾಕ ಬಂದ್ಯಾ? ಅಳತೆ ನಿಂಗ ಗೊತ್ತೈತಲ್ಲ. ಹದಿನೆಂಟು ಪಾಯಿಂಟ್.”

ಕಾರ್ಡಿನಲ್ಲಿ ಅವರ ಹೆಸರಿಗೆ ನಾನು ಹಾಕಿದ್ದ ಅಕ್ಷರದ ಅಳತೆ ಅದು. ನಾನು ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದೆ ಎಳೆದುಕೊಂಡರು. ಅಭ್ಯಾಸಬಲ, ನನಗೆ ಬರುವುದು ಚೌಕಾಶಿ ಒಂದೇ. ಎಲ್ಲ ಕಾರ್ಡನ್ನೂ ಹೊಸದಾಗಿ ಅಚ್ಚು ಹಾಕಿಸಿ ಮನೆಮನೆಗೆ ಕೊಡುತ್ತೇನೆ ಎಂದೆ.

“ಕೊಟ್ಟು ಏನಂತ ಹೇಳ್ತೀಯ? ಹೋದ್ ವಾರ ಸತ್ತಿದ್ರು, ಈ ವಾರ ಎದ್ದು ಕೂತ್ರು ಅಂತನಾ?”

ಪೇಪರಿನಲ್ಲಿ ಪ್ರಕಟಣೆ ಕೊಡುತ್ತೇನೆ ಎಂದೆ.

“ಕೊಡು. ಯಾವ ಅಕ್ಷರದಾಗೆ ಹಾಕಿಸ್ತೀಯ?”

ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗು ತಡೆದಳು, ಆಮೇಲೆ ಅದು ನಗುವೋ ಅಳುವೋ ತಿಳಿಯದಾಯಿತು. ಉಸ್ತಾದರು ಅವಳ ಕಡೆ ನೋಡಲಿಲ್ಲ.

“ಕಾರ್ಡಿನ ಮಾತು ಬಿಡು,” ಎಂದರು. ದನಿ ಇಳಿದಿತ್ತು. “ನನ್ ಮಗ ಹೋದಾಗ ಈ ಬಾಗಿಲಿಗೆ ಹೆಂಥಾ ಮುಖಗಳು ಬಂದಿದ್ವೋ, ಅವೇ ಮುಖಗಳು ಬಂದ್ವು. ಅದನ್ನೂ ತಡ್ಕೊಂಡೆ. ಆದ್ರೆ ಒಂದ್ ಮಾತು ಹೇಳು. ಇಷ್ಟು ಜನ ಬಂದ್ರಲ್ಲ, ಒಬ್ನಾದ್ರೂ ‘ಹೌದಾ? ನಿಜನಾ?’ ಅಂತ ಫೋನ್ ಮಾಡಿ ಕೇಳಿದ್ನಾ? ನನ್ನ ನೋಡಿ ‘ಇನ್ನೂ ಅದೀರಾ?’ ಅಂದೋರೇ ಎಲ್ಲಾ. ಪ್ರೆಸ್ ಮುಚ್ಚಿದ ದಿನಾನೇ ನನ್ನ ಮಣ್ಣು ಮಾಡಿ ಹೋಗಿದ್ರು ಅಂತ ಕಾಣ್ತೈತೆ, ನಂಗೊಬ್ಬನಿಗೆ ಹೇಳಿರಲಿಲ್ಲ. ಸತ್ತೋನು ಹುಡುಗಿ ಪರವಾಗಿ ಏನಂತ ನಿಲ್ಲಲಿ?”

ನಾನು ಕೂಡ ಪೇಪರ್ ಬಂಡಲಿನ ಮೇಲೆ ಕುಳಿತಾಗ ಅನುಮಾನ ಪಡಲಿಲ್ಲವಲ್ಲ. ಹೋಗಿದ್ದಾರೆ ಎಂದು ಒಪ್ಪಿಕೊಂಡು, ಆಮೇಲೆ ಫೋನ್ ಮಾಡಿದ್ದೆ. ಅದನ್ನು ಹೇಳಲೋ ಬೇಡವೋ ಎಂದು ನಾಲಿಗೆ ಎರಡು ಸಲ ತಡವರಿಸಿತು. ಹೇಳಿಬಿಟ್ಟೆ. “ಉಸ್ತಾದ್, ನಾನೂ ನಂಬಿದ್ದೆ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆ ಹೊತ್ತಿಗೆ ಮೊಮ್ಮಗಳು ಒಳಗೆ ಹೋಗಿ ಉಳಿದ ಕಾರ್ಡುಗಳ ಕಟ್ಟನ್ನು ತಂದು ಅವರ ತೊಡೆಯ ಮೇಲೆ ಇಟ್ಟಳು.

“ದಾದಾ, ದಾವಣಗೆರೆ ಕಾರ್ಡು ಇನ್ನೂ ಅರ್ಧ ಕೊಟ್ಟಿಲ್ಲ. ಚಾಚಾ ಒಬ್ರೇ ಹೋದ್ರೆ ಅವರ ಮಾತು ಯಾರೂ ನಂಬಂಗಿಲ್ಲ. ನೀವೇ ಹೋಗಿ ಕೊಡ್ರಿ. ನೀವು ಮದುವೆಗೆ ಬರಲಿಲ್ಲ ಅಂದ್ರೆ ನಾನು ಕಬೂಲ್ ಅನ್ನಂಗಿಲ್ಲ, ಖಾಜಿ ಸಾಹೇಬರು ನೂರು ಸಲ ಕೇಳಿದ್ರೂ.”

ಉಸ್ತಾದರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹಳೇ ಪ್ರೆಸ್ಸಿನ ದನಿಯಲ್ಲಿ ಕರಾರು ಹಾಕಿದರು. ಇನ್ನು ಮೇಲೆ ನನ್ನ ಅಂಗಡಿಯಲ್ಲಿ ಆ ಅಕ್ಷರ ತೀರಿಕೊಂಡವರಿಗೆ ಹಾಕಕೂಡದು.

“ಉಸ್ತಾದ್, ಗಿರಾಕಿಗಳು ಕೇಳ್ತಾರೆ.”

“ಇಲ್ಲ ಅನ್ನು.”

“ಎದುರಿನೋನ ಹತ್ರ ಹೋಗ್ತಾರೆ.”

“ಹೋಗ್ಲಿ.”

“ಈಗ ಒಪ್ಕೊಂಡಿರೋ ಆರ್ಡರ್ ಮಾತ್ರ ಮುಗಿಸಿ…”

“ಒಂದೂ ಬ್ಯಾಡ.”

ನನ್ನ ಜೀವನದಲ್ಲಿ ಒಂದು ಕೂದಲೆಳೆಯಷ್ಟೂ ಗಿಟ್ಟದ ಚೌಕಾಶಿ ಅದೊಂದೇ. ಒಪ್ಪಿಕೊಂಡೆ. ಉಸ್ತಾದರು ಸೊಸೆಯನ್ನು ಕೂಗಿ ಮಂಚದ ಕೆಳಗಿನ ಬೂಟು ತೆಗೆಸಿದರು. ಅದರ ಮೇಲೆ ಧೂಳು ಒಂದು ಬೆರಳು ದಪ್ಪ ಕೂತಿತ್ತು.

ಮೂರು ದಿನ ಬಾಡಿಗೆ ಕಾರಿನಲ್ಲಿ ತಿರುಗಿದೆವು. ಕಾರ್ಡು ಮೊದಲೇ ತಲುಪಿದ್ದ ಮನೆಗಳಿಗೂ ಹೋದೆವು. ಆ ಬಾಗಿಲುಗಳಲ್ಲಿ ನಾನು ಕಂಡ ಮುಖಗಳನ್ನು ಸಾಯುವ ತನಕ ಮರೆಯಲಾರೆ. ಒಬ್ಬರ ಕೈಯಿಂದ ಕಾಫಿ ಲೋಟ ಬಿತ್ತು. ಒಬ್ಬರು ಬಾಗಿಲು ತೆಗೆದು, ನೋಡಿ, ಮತ್ತೆ ಹಾಕಿಕೊಂಡರು. ಮೊದಲಿನ ಮೆಣಸಿನಕಾಯಿ ವರ್ತಕರಿಗೆ ನಾನು ವಿಷಯ ಹೇಳಿಯಾಗಿತ್ತು, ಆದರೂ ಉಸ್ತಾದರು ಕಾರಿನಿಂದ ಇಳಿದಾಗ ಗಲ್ಲಾದ ಹಿಂದಕ್ಕೆ ಸರಿದು ನಿಂತರು.

“ಬರ್ರಿ, ಮುಟ್ಟಿ ನೋಡ್ರಿ,” ಎಂದು ಉಸ್ತಾದರು ಕೈ ಚಾಚಿದರು. “ಮದುವೆಗೆ ತಪ್ಪದೆ ಬರಬೇಕು. ನಂದೇ ತಿಥಿ ಅನ್ಕೊಂಡು ಹೊಟ್ಟೆ ತುಂಬ ಊಟ ಮಾಡ್ರಿ.”

ಸರಸ್ವತಿ ನಗರದಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಇದ್ದರು. ಬಾಗಿಲು ತೆಗೆದವರು ಕಿಟಾರನೆ ಕಿರುಚಿದರು, ಕಿರುಚಿದ್ದಕ್ಕೆ ತಾವೇ ನಾಚಿ ಒಳಗೆ ಕರೆದು ಕೂರಿಸಿದರು. ನಾನು ಓರೆ ಅಕ್ಷರದ ಪುರಾಣ ಬಿಚ್ಚಿಟ್ಟೆ. ಅವರು ಎದ್ದು ಹೋಗಿ ಬೀರುವಿನಿಂದ ಒಂದು ಹಳೇ ಕಾರ್ಡು ತಂದರು. ಅವರ ಸ್ವಂತ ಮದುವೆಯದು, ಉಸ್ತಾದರೇ ಮೊಳೆ ಜೋಡಿಸಿದ್ದು. ನಡುವೆ ಗಂಡ ಹೆಂಡತಿಯ ಹೆಸರು ಇಂಗ್ಲಿಷಿನಲ್ಲಿ, ಅದೇ ದಪ್ಪ ಓರೆ ಅಕ್ಷರ, ಪ್ರತಿ ಕಾಲಿಗೂ ಬೂಟು.

“ಹಂಗಾದ್ರೆ ನಾವಿಬ್ರೂ ಮದುವೆ ದಿನಾನೇ ಸತ್ತಿದ್ವೇನ್ರಿ ಮತ್ತೆ?” ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

ಉಸ್ತಾದರು ಕಾರ್ಡನ್ನು ತಿರುಗಿಸಿ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಸೀಸದ ಮೊಳೆ ಒತ್ತಿದ ಕಡೆ ಕಾಗದ ಉಬ್ಬಿತ್ತು. ಕಣ್ಣು ಮುಚ್ಚಿಕೊಂಡು, ಆ ಉಬ್ಬಿನಲ್ಲೇ ಎರಡೂ ಹೆಸರನ್ನು ಉಲ್ಟಾ ಓದಿದರು, ಮೊಳೆ ಜೋಡಿಸುವವರು ಓದುವ ಹಾಗೆ.

ನಿಕಾಹ್ ಹರಿಹರದಲ್ಲಿಯೇ ನಡೆಯಿತು. ಖಾಜಿಯವರ ಪಕ್ಕದಲ್ಲಿ ಉಸ್ತಾದರು ಕುಳಿತಿದ್ದರು. ಹುಡುಗಿಯ ಒಪ್ಪಿಗೆ ಕೇಳಲು ಅವರೇ ಸಾಕ್ಷಿಗಳೊಂದಿಗೆ ಒಳಗೆ ಹೋಗಿ ಬಂದರು. ನಾನು ಹೊರಗೆ ನಿಂತಿದ್ದೆ. ಕಬೂಲ್ ಎಂದು ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ಒಳಗಿನ ಹೆಂಗಸರು ಘೊಳ್ಳೆಂದು ನಕ್ಕದ್ದು ನಮಗೆ ಕೇಳಿಸಿತು. ನಿಕಾಹ್ ಪುಸ್ತಕದಲ್ಲಿ ಉಸ್ತಾದರು ವಲಿ ಎಂದು ಸಹಿ ಮಾಡಿದರು.

ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಶೇರ್ವಾನಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೈಗಿಟ್ಟರು. ಪುಟ್ಟದು, ಆದರೆ ಭಾರ. ಬಿಚ್ಚಿದೆ. ದಾರದಿಂದ ಬಿಗಿದು ಕಟ್ಟಿದ ಒಂದು ಸಾಲು ಸೀಸದ ಮೊಳೆ, ದಪ್ಪ, ಓರೆ. ಉಲ್ಟಾ ಓದಿದೆ, ಉಸ್ತಾದರ ಹೆಸರು. ಪ್ರೆಸ್ ಮುಚ್ಚಿದಾಗ ಇಡೀ ಖಾನೆ ಗುಜರಿಗೆ ಹೋಯಿತು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

“ನೀನ್ ಹಾಕಿದ್ದು ತಪ್ಪಲ್ಲ ಬೇಟಾ. ನಂಗೆ ಇದೇ ಅಕ್ಷರ ಹಾಕಬೇಕಾಗಿತ್ತು,” ಎಂದರು. “ಆದ್ರೆ ನಾನು ಖರೇನೇ ಹೋದಾಗ ಜನಕ್ಕೆ ತಿಳಿಸೋ ಚೀಟಿ ನೀನೇ ಮಾಡ್ತೀಯಲ್ಲ, ಅದ್ರಾಗೆ ಇದು ಬ್ಯಾಡ. ನೆಟ್ಟಗಿಂದು ಹಾಕು. ಬೂಟಿಲ್ಲದ್ದು. ಅವತ್ತು ನಾನು ಎಲ್ಲಿಗೂ ಹೊಂಟಿರಂಗಿಲ್ಲ.”

“ಅಳತೆ?” ಎಂದುಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಹನ್ನೆರಡು ಸಾಕು,” ಎಂದು ಅವರು ನಕ್ಕು, ಬೀಗರ ಕಡೆ ನಡೆದರು.

ಆಮೇಲೆ ಆರ್ಡರುಗಳು ಹೋದವು, ಹೋಗುತ್ತಿವೆ. ಬಂದವರಿಗೆ ನಾನು ಓರೆ ಅಕ್ಷರ ಬದುಕಿರುವವರಿಗೆ ಮಾತ್ರ ಎನ್ನುತ್ತೇನೆ, ಅವರು ನನ್ನನ್ನು ವಿಚಿತ್ರವಾಗಿ ನೋಡಿ ಎದುರಿನ ಅಂಗಡಿಗೆ ಹೋಗುತ್ತಾರೆ. ಆ ಸಾಲು ಮೊಳೆ ನನ್ನ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿದೆ. ಎಷ್ಟಕ್ಕೆ ಕೊಡುತ್ತೀರಿ ಎಂದು ಇಬ್ಬರು ಕೇಳಿದ್ದಾರೆ. ಹರಿಹರದಿಂದ ಯಾವ ಹೊತ್ತಿಗೆ ಫೋನ್ ಬಂದರೂ ಮೊದಲು ನನ್ನ ಕಣ್ಣು ಅದರ ಮೇಲೆ ಹೋಗುತ್ತದೆ. ಆಮೇಲೆ ಎತ್ತುತ್ತೇನೆ. ಇಲ್ಲಿಯವರೆಗೆ ಆ ಕಡೆಯಿಂದ ಬಂದಿರುವುದು ಉಪ್ಪಿಟ್ಟಿನ ಜಗಳವೇ.